ಎಲ್ಲ ಕುರ್ಚಿಗೂ ಒಂದೇ ದನಿ

ಬಾಗಿಲು ತಳ್ಳಿ ಒಳಗೆ ಬಂದವಳೇ ಅವಳು ಒಂದು ಚಪ್ಪಾಳೆ ತಟ್ಟಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕಾದ ಮೇಲೂ ಗುಮ್ಮಟದೊಳಗೆ ಎಲ್ಲೋ ಆ ಚಪ್ಪಾಳೆಯ ಬಾಲ ಸುತ್ತುತ್ತಲೇ ಇತ್ತು. ನುಣ್ಣನೆಯ ಕಲ್ಲಿನ ನೆಲ, ಎರಡಾಳೆತ್ತರದ ಗಾಜಿನ ಕಿಟಕಿಗಳು, ಮೇಲೆ ಗುಮ್ಮಟ, ಕೆಳಗೆ ಆರುನೂರು ಕಬ್ಬಿಣದ ಕುರ್ಚಿಗಳು; ಈ ಸಭಾಭವನದಲ್ಲಿ ಮೆತ್ತಗಿನದು ಅಂತ ಏನಾದರೂ ಇದ್ದರೆ ಅದು ಬಾಗಿಲ ಬಳಿಯ ಕಾಲೊರೆಸು ಮಾತ್ರ. ಇಲ್ಲಿ ಆಡಿದ ಮಾತು ಬೇಗ ಸಾಯುವುದಿಲ್ಲ, ಗೋಡೆ ಗೋಡೆ ಮುಟ್ಟಿ ಬಂದು ಮುಂದಿನ ಮಾತಿನ ಕಾಲಿಗೆ ತೊಡರಿಕೊಳ್ಳುತ್ತದೆ. ಚಪ್ಪಾಳೆ ತಟ್ಟಿ ಕೋಣೆ ಅಳೆಯುವುದು ಅವಳಿಗೆ ಹಳೆಯ ಚಟ. ಮದುವೆಯಾಗಿ ಗಂಡನ ಮನೆಗೆ ಹೋದ ಮೊದಲ ದಿನ ನಡುಮನೆಯಲ್ಲಿ ಹೀಗೇ ತಟ್ಟಿ, ಅತ್ತೆಯಿಂದ "ಯಾರನ್ನ ಕರೀತಿದೀಯಮ್ಮ?" ಅನ್ನಿಸಿಕೊಂಡಿದ್ದಳು, ಅತ್ತೆ ಇವತ್ತಿಗೂ ಅದನ್ನು ನೆಂಟರಿಷ್ಟರ ಮುಂದೆ ಹೇಳಿಕೊಂಡು ನಗುತ್ತಾರೆ. ಇವತ್ತು ಅವಳಿಗೂ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಬೆಳಿಗ್ಗೆ ಎದ್ದಾಗಿನಿಂದ ಎದೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ತಿಂಡಿ ಸೇರಿರಲಿಲ್ಲ, ಬಸ್ಸಿನಲ್ಲಿ ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲಲ್ಲಿ ನಿಂತಿದ್ದಳು. ಇವತ್ತು ಕಂಬಗಳು ಮಾತಾಡುತ್ತವೆ. ಇವತ್ತು ಅಣ್ಣನಿಗೆ ಹೇಳಿಬಿಡುತ್ತೇನೆ. ಈ ಎರಡರಲ್ಲಿ ಯಾವುದಕ್ಕಾಗಿ ಎದೆ ಹೀಗೆ ಕುಣಿಯುತ್ತಿದೆ ಎನ್ನುವುದು ಅವಳಿಗೇ ಬಗೆಹರಿದಿರಲಿಲ್ಲ.

ಕಂಬಗಳು ವೇದಿಕೆಯ ಎರಡೂ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತಿದ್ದವು. ಗೋಡೆಯದೇ ಬಣ್ಣ, ಅಂಗೈಯಗಲ, ಒಂದೂವರೆ ಆಳೆತ್ತರ. ಗೊತ್ತಿಲ್ಲದವರು ನೀರಿನ ಕೊಳವೆ ಎಂದುಕೊಳ್ಳಬೇಕು. ಒಳಗೆ ಒಂದರ ಮೇಲೊಂದರಂತೆ ಮೂವತ್ತೆರಡು ಪುಟ್ಟ ಸ್ಪೀಕರುಗಳು. ಒಂದಕ್ಕಿಂತ ಒಂದಕ್ಕೆ ದನಿಯನ್ನು ಕೂದಲೆಳೆಯಷ್ಟು ತಡಮಾಡಿ ಕೊಡುತ್ತ ಹೋದರೆ, ಕಂಬ ನೆಟ್ಟಗೆ ನಿಂತಲ್ಲೇ ನಿಂತಿದ್ದು ದನಿ ಮಾತ್ರ ಬಾಗುತ್ತದೆ. ಎಷ್ಟು ಬಾಗಬೇಕು, ಎಲ್ಲಿ ಹೋಗಿ ಬೀಳಬೇಕು ಎನ್ನುವುದನ್ನು ಲ್ಯಾಪ್‌ಟಾಪಿನ ಮುಂದೆ ಕೂತು ಹೇಳಬಹುದು. ಗುಮ್ಮಟಕ್ಕೆ ಬೇಡ, ಕಿಟಕಿಗೆ ಬೇಡ, ಕೂತವರ ಕಿವಿಯ ಎತ್ತರಕ್ಕೆ ಸಾಕು. ಮೊದಲ ಸಾಲಿಗೆ ಎಷ್ಟೋ ಕೊನೆಯ ಸಾಲಿಗೂ ಅಷ್ಟೇ. ಇದನ್ನು ಅವಳು ಅಣ್ಣನ ಕಿವಿಯ ಹತ್ತಿರ ಎರಡು ವರ್ಷದಿಂದ ಜಪಿಸುತ್ತ ಬಂದಿದ್ದಳು. ಅಣ್ಣನದು ಇಪ್ಪತ್ತು ವರ್ಷದ ಸೌಂಡ್ ಸಿಸ್ಟಮ್ ಅಂಗಡಿ. ಅವನ ಪ್ರಕಾರ ಕೇಳಿಸಲಿಲ್ಲ ಎಂದರೆ ಇನ್ನೊಂದು ಸ್ಪೀಕರ್ ಡಬ್ಬ ಇಡಬೇಕು, ಆಗಲೂ ಕೇಳಿಸಲಿಲ್ಲ ಎಂದರೆ ಕೂತವರಿಗೆ ಕಿವುಡು. "ಜೋರಾಗಿಟ್ರೆ ದೇವರಿಗೂ ಕೇಳಿಸುತ್ತೆ ಕಣೇ" ಎನ್ನುತ್ತಿದ್ದ. "ದೇವರು ಬಂದು ಕುರ್ಚೀಲಿ ಕೂರಲ್ಲ ಅಣ್ಣ, ಕೊನೇ ಸಾಲಿನವರು ಕೂರ್ತಾರೆ" ಎಂದು ಅವಳು. ಈ ಸಭಾಭವನದ ಕೆಲಸ ಬಂದಾಗ, ಅವಳ ಕಾಟ ತಡೆಯಲಾರದೆಯೋ ಏನೋ, ಅವನು ಒಪ್ಪಿದ. ಇದೊಂದು ಗೆದ್ದರೆ ಇನ್ನು ಮುಂದೆ ದೊಡ್ಡ ಕೋಣೆಗಳ ಕೆಲಸವೆಲ್ಲ ನಿನ್ನದೇ, ನಾನು ಅಡ್ಡ ಬರುವುದಿಲ್ಲ ಎಂದೂ ಹೇಳಿದ. ನಲವತ್ತಮೂರನೆಯ ವಯಸ್ಸಿನಲ್ಲಿ ಆ ಮಾತು ಕೇಳಿ ಅವಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಕುಣಿದಿದ್ದಳು.

ಕಂಬ ಹಾಕಿಸುವ ದಿನ ಒಂದು ತೊಡಕು ಬಂತು. ವೈರು ಹೋಗುವ ತೂತು ಇದ್ದದ್ದು ಕಂಬದ ಬುಡದಲ್ಲಿ, ಗೋಡೆಯ ಮೇಲೆ ವೈರಿನ ಪೈಪು ಇಳಿದು ಬಂದಿದ್ದು ಮೇಲಿನಿಂದ. ಹೊಸದಾಗಿ ಕೊರೆಯಲು ಭವನದ ಮ್ಯಾನೇಜರು ಸುತರಾಂ ಒಪ್ಪಲಿಲ್ಲ. ಹಳೇ ಗೋಡೆ ಮೇಡಂ, ಇನ್ನು ಒಂದು ಮೊಳೆ ಹೊಡೆದರೂ ನನ್ನ ತಲೆಗೆ ಬರುತ್ತದೆ ಎಂದರು. ಏಣಿಯ ಮೇಲೆ ಮೇಸ್ತ್ರಿ ಕಂಬವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಅಂಗಡಿ ಶುರುವಾದಾಗಿನಿಂದ ಎತ್ತರದ ಕೆಲಸವೆಲ್ಲ ಅವರದೇ, ಅರವತ್ತು ದಾಟಿದ್ದರೂ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಎರಡೂ ಕೈ ಬಿಡುವವರು. "ಏನ್ಮಾಡ್ಲಿ ಅಮ್ಮ?" ಎಂದು ಕೇಳಿದರು. ಅವಳು ಒಂದು ಕ್ಷಣ ಯೋಚಿಸಿ, "ತಿರುಗಿಸಿ ಹಾಕ್ಬಿಡಿ ಮೇಸ್ತ್ರಿ, ಬುಡ ಮೇಲಕ್ಕೆ ಬರ್ಲಿ. ಮಿಕ್ಕಿದ್ದು ನಾನು ಲ್ಯಾಪ್‌ಟಾಪಲ್ಲಿ ನೋಡ್ಕೋತೀನಿ" ಎಂದಳು. ಇದರಲ್ಲಿ ತಪ್ಪೇನೂ ಇರಲಿಲ್ಲ. ಕಂಬ ತಲೆಕೆಳಗಿದೆ ಎಂದು ತಿಳಿಸಲು ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಚೌಕವಿದೆ, ಅದರಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ಅಷ್ಟರಲ್ಲಿ ಮಗನ ಫೋನು ಬಂತು, ಅಮ್ಮ ನನ್ನ ನೀಲಿ ಕಾಲುಚೀಲ ಎಲ್ಲಿ. ಬೀರುವಿನ ಕೆಳಗಿನ ಖಾನೆ, ಬಲಗಡೆ, ಅಯ್ಯೋ ನಿನ್ನ ಬಲಗಡೆ ಕಣೋ, ಎಂದು ಅವಳು ಹೇಳುತ್ತಿದ್ದಂತೆ ಆ ಚೌಕ ಅವಳ ತಲೆಯಿಂದ ಜಾರಿ ಎಲ್ಲಿಗೋ ಹೋಯಿತು.

ಹೋದ ವಾರ ಪರೀಕ್ಷೆಯ ಹೊತ್ತಿಗೆ ಭವನದ ಸಮಿತಿಯ ಐದು ಜನ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕೆಳಕ್ಕೆ ಬಾಗಬೇಕಾದ ದನಿ ಅಷ್ಟೇ ಅಚ್ಚುಕಟ್ಟಾಗಿ ಮೇಲಕ್ಕೆ ಬಾಗಿತು. ಗುಮ್ಮಟದೊಳಗೆ ಗಿರಕಿ ಹೊಡೆದು, ಯಾರೋ ಬಾವಿಯೊಳಗಿಂದ ಕೂಗಿದ ಹಾಗೆ ಕೆಳಗಿಳಿಯಿತು. "ಮೇಲಿರೋ ಪಾರಿವಾಳಗಳಿಗೆ ಚೆನ್ನಾಗಿ ಕೇಳಿಸ್ತಿರಬೇಕು" ಎಂದು ಸಮಿತಿಯ ಹಿರಿಯರೊಬ್ಬರು ಹೇಳಿದರು, ಉಳಿದ ನಾಲ್ವರು ನಕ್ಕರು. ಅಣ್ಣ ಸರಸರನೆ ಕಂಬದ ಹತ್ತಿರ ಹೋಗಿ ನೋಡಿದ. ಅದರ ಮೇಲಿದ್ದ ಅಕ್ಷರಗಳು ತಲೆಕೆಳಗಾಗಿದ್ದವು. "ಉಲ್ಟಾ ಹಾಕಿದಾನೆ!" ಎಂದು ಕೂಗಿದ. ತನಗಿಂತ ಹದಿನೈದು ವರ್ಷ ದೊಡ್ಡವರನ್ನು ಅಷ್ಟು ಜನರ ಮುಂದೆ ಏಕವಚನದಲ್ಲಿ, "ಕಣ್ಣು ಕಾಣಲ್ವಾ ನಿಂಗೆ? ಅಕ್ಷರ ತಲೆಕೆಳಗಿರೋದೂ ಗೊತ್ತಾಗ್ಲಿಲ್ವಾ? ವಯಸ್ಸಾಯ್ತು, ಮನೇಲಿ ಕೂತ್ಕೋ ಹೋಗು. ನಾಳೆಯಿಂದ ಬರ್ಬೇಡ." ಅವಳಿಗೆ ಚೌಕ ನೆನಪಾದದ್ದು ಆ ಕ್ಷಣದಲ್ಲೇ. ಬಾಯಿ ತೆರೆದದ್ದೂ ನಿಜ. ಅಣ್ಣನ ಕೂಗು ನಿಲ್ಲಲಿ ಎಂದು ಕಾದಳು. ಕೂಗು ನಿಂತ ಮೇಲೆ ಗುಮ್ಮಟದಲ್ಲಿ ಅದರ ಬಾಲ ನಿಲ್ಲಲಿ ಎಂದು ಕಾದಳು. ನಾಲ್ಕೂವರೆ ಸೆಕೆಂಡು ಕಳೆಯುವುದರೊಳಗೆ ಹೇಳುವ ಹೊತ್ತು ದಾಟಿಹೋಗಿತ್ತು. ಮೇಸ್ತ್ರಿ ಒಂದು ಸಲ ತಿರುಗಿ ಅವಳ ಮುಖ ನೋಡಿದರು. ಕೈಯಲ್ಲಿದ್ದ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆಮೇಲೆ ಅವಳು, "ಇಳಿಸೋದು ಬೇಡ ಅಣ್ಣ, ಲ್ಯಾಪ್‌ಟಾಪಲ್ಲೇ ಸರಿ ಮಾಡ್ಬಹುದು" ಎಂದಾಗ ಅಣ್ಣ ಸಮಿತಿಯವರ ಕಡೆ ತಿರುಗಿ, "ನೋಡಿ, ಯಾರೋ ಮಾಡಿದ ತಪ್ಪನ್ನ ನಮ್ಮ ಪುಟ್ಟಿ ಕೂತಲ್ಲೇ ಸರಿ ಮಾಡ್ತಾಳೆ" ಎಂದ. ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮುಂದಿನ ವಾರ ಇನ್ನೊಂದು ಸಲ ಮಾಡಿ, ಮ್ಯಾನೇಜರು ನೋಡಿದರೆ ಸಾಕು ಎಂದು ಎದ್ದುಬಿಟ್ಟರು.

ಮೇಸ್ತ್ರಿಯ ಆ ನೋಟವನ್ನು ಅವಳು ಒಂದು ವಾರದಿಂದ ಮಗುಚಿ ಮಗುಚಿ ಹಾಕಿದ್ದಳು. ಮೊದಲ ದಿನ ಅದು ತಿರಸ್ಕಾರ ಎನ್ನಿಸಿತು, ಇಷ್ಟೇನಾ ನೀನು ಎಂದ ಹಾಗೆ. ಮಂಗಳವಾರ ಪಾತ್ರೆ ತಿಕ್ಕುವಾಗ, ಅಲ್ಲ, ಅದು ಕರುಣೆ, ಹೋಗಲಿ ಪಾಪ ಎಂದು ತನ್ನನ್ನು ಬಿಟ್ಟುಬಿಟ್ಟದ್ದು ಎನ್ನಿಸಿ ಕೈಯಲ್ಲಿದ್ದ ತಟ್ಟೆಯನ್ನು ಕುಕ್ಕಿದಳು. ತಿರಸ್ಕಾರಕ್ಕಿಂತ ಅದು ಹೆಚ್ಚು ಉರಿಯುತ್ತಿತ್ತು. ಗುರುವಾರ, ಇದನ್ನು ನೆನೆದರೆ ಅವಳಿಗೆ ಈಗಲೂ ನಾಚಿಕೆ, ಅದು ಬೆದರಿಕೆಯೂ ಇರಬಹುದಲ್ಲ, ಅಣ್ಣನ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟರೆ ಎಂದು ಹೆದರಿ ಎರಡು ಸಲ ಅಂಗಡಿಗೆ ಫೋನು ಮಾಡಿ ಅಣ್ಣನ ದನಿ ಹೇಗಿದೆ ಎಂದು ಪರೀಕ್ಷಿಸಿದ್ದಳು. ದನಿ ಎಂದಿನಂತೆ ಇತ್ತು, ಜೋರಾಗಿ. ಗಂಡನಿಗೆ ಅರ್ಧ ಹೇಳಿದಳು: ಕೆಲಸದಲ್ಲಿ ಏನೋ ಗೊಂದಲವಾಗಿ ಪಾಪ ಮೇಸ್ತ್ರಿಗೆ ಬೈಗುಳ ಬಿತ್ತು ಅಂತ. ಗಂಡ ಪೇಪರಿನಿಂದ ತಲೆ ಎತ್ತದೆ "ಇಂಥದ್ದೆಲ್ಲ ಇದ್ದದ್ದೇ ಬಿಡು" ಎಂದ. ಅರ್ಧ ಕೇಳಿ ಅವನು ಕೊಟ್ಟ ಸಮಾಧಾನವನ್ನು ಅವಳು ಪೂರ್ತಿಯಾಗಿ ತೆಗೆದುಕೊಂಡು ಮಲಗಿದ್ದಳು. ಮೇಸ್ತ್ರಿಗೆ ಒಂದು ಫೋನು ಮಾಡಲು ಯಾರು ಅಡ್ಡ ಬಂದಿದ್ದರು? ನಂಬರು ಇತ್ತು. ಎರಡು ಸಲ ತೆಗೆದು ನೋಡಿ, ಈಗ ಊಟದ ಹೊತ್ತು, ಈಗ ನಿದ್ದೆಯ ಹೊತ್ತು ಎಂದು ಮುಚ್ಚಿಟ್ಟಿದ್ದಳು.

"ಪುಟ್ಟಿ!" ಅಣ್ಣನ ದನಿ ಅವನಿಗಿಂತ ಮೊದಲು ಒಳಗೆ ಬಂತು, ಒಂದಲ್ಲ, ನಾಲ್ಕು ಸಲ ಬಂತು. ಹಿಂದೆಯೇ ಮ್ಯಾನೇಜರು, ಕೈಯಲ್ಲಿ ಬೀಗದ ಕೈಗಳ ಗೊಂಚಲು. "ಹೊರಗೆ ವ್ಯಾನಲ್ಲಿ ನಾಲ್ಕು ದೊಡ್ಡ ಡಬ್ಬ ತಂದಿದೀನಿ. ಹನ್ನೆರಡು ಗಂಟೆ ತನಕ ನಿನ್ನ ಆಟ, ಆಮೇಲೆ ನಂದು" ಎಂದ ಅಣ್ಣ. ಮಧ್ಯಾಹ್ನ ಮೂರಕ್ಕೆ ಇಲ್ಲಿ ಸಭೆಯಿತ್ತು, ರಸ್ತೆ ಅಗಲವಾಗುವುದರಿಂದ ಮನೆ ಬಿಡಬೇಕಾದವರ ಸಭೆ. ಹೋದ ತಿಂಗಳ ಸಭೆಯಲ್ಲಿ ಹಿಂದೆ ಕೂತವರಿಗೆ ಒಂದಕ್ಷರ ಕೇಳಿಸದೆ, ಯಾವ ಮನೆ ಉಳಿಯಿತು ಯಾವುದು ಹೋಯಿತು ಎಂದು ತಿಳಿಯದೆ, ಜನ ಕುರ್ಚಿ ಎತ್ತಿ ನೆಲಕ್ಕೆ ಕುಟ್ಟಿದ್ದರಂತೆ. "ಆ ಕುಟ್ಟಿದ ಸದ್ದು ಇನ್ನೂ ಪೂರ್ತಿ ಹೋಗಿಲ್ಲ ನೋಡಿ ಮೇಡಂ" ಎಂದು ಮ್ಯಾನೇಜರು ಗುಮ್ಮಟದತ್ತ ಕೈ ತೋರಿಸಿದರು. ಈಗ ಹೇಳಿಬಿಡಲೇ ಎಂದು ಅವಳು ಅಣ್ಣನ ಮುಖ ನೋಡಿದಳು. ಮ್ಯಾನೇಜರ ಮುಂದೆಯೇ? ಮೊದಲು ಕಂಬಗಳು ಮಾತಾಡಲಿ, ಆಮೇಲೆ ನಾನು. ಹೀಗೆ ಅಂದುಕೊಂಡಾಗ ಅದು ಸಬೂಬು ಎಂದು ಅವಳಿಗೆ ಗೊತ್ತಿತ್ತು, ಆದರೂ ಖುಷಿಯಿಂದಲೇ ಲ್ಯಾಪ್‌ಟಾಪ್ ತೆರೆದಳು.

ಚೌಕದಲ್ಲಿ ಗುರುತು ಹಾಕಿದಳು. ಎಷ್ಟು ಸುಲಭ, ಒಂದು ಬೆರಳಿನ ಕೆಲಸ. ಕಂಬಗಳಿಂದ ಸೂ ಎಂದು ನೀರು ಧುಮುಕುವಂಥ ಪರೀಕ್ಷೆಯ ಸದ್ದನ್ನು ಬಿಟ್ಟು, ದನಿಯ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುವ ಮೀಟರನ್ನು ಕಿವಿಯ ಮಟ್ಟಕ್ಕೆ ಹಿಡಿದುಕೊಂಡು ಮೊದಲ ಸಾಲಿನಿಂದ ಹೊರಟಳು. ಎಪ್ಪತ್ತನಾಲ್ಕು. ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಬೆನ್ನಿಗೆ ಅಂಟಿಸಿದಳು. ಐದನೇ ಸಾಲು, ಎಪ್ಪತ್ತನಾಲ್ಕು. ಹತ್ತನೇ ಸಾಲು, ಎಪ್ಪತ್ತಮೂರು. ಅವಳ ಹೆಜ್ಜೆ ತಾನಾಗಿ ಬಿರುಸಾಯಿತು. ಹನ್ನೆರಡನೇ ಸಾಲಿನ ಬಲತುದಿಯಲ್ಲಿ ಅರುವತ್ತೊಂಬತ್ತು ಬಂದಾಗ ಜೀವ ಬಾಯಿಗೆ ಬಂದಂತಾಯಿತು. ಓಡಿಬಂದು ಬಲಗಂಬದ ದನಿಯನ್ನು ಎರಡು ಡಿಗ್ರಿ ಅಗಲಿಸಿ ಮತ್ತೆ ಓಡಿದಳು, ಎಪ್ಪತ್ತಮೂರು. ಮ್ಯಾನೇಜರು ಕಿವಿ ಮುಚ್ಚಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಿದ್ದರು, ಅಣ್ಣ ಸ್ಟೂಲಿನ ಮೇಲೆ ಕೂತು ವಾಚು ನೋಡುತ್ತಿದ್ದ. ಇಪ್ಪತ್ತನೇ ಸಾಲು, ಎಪ್ಪತ್ತಮೂರು. ಅವಳಿಗೆ ಕೂಗಬೇಕೆನ್ನಿಸಿತು. ಎತ್ತರದ ಹುಡುಗಿ ಎಂದು ಶಾಲೆಯಲ್ಲಿ ಅವಳನ್ನು ಯಾವಾಗಲೂ ಕೊನೆಯ ಬೆಂಚಿಗೆ ಹಾಕುತ್ತಿದ್ದರು. ಉದ್ದನೆಯ ಕೋಣೆ, ತಗಡಿನ ಸೂರು, ಮೇಡಂ ಬಾಯಿ ಆಡಿಸುವುದು ಕಾಣುತ್ತಿತ್ತು, ಮಾತು ಅರ್ಧ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಮುಂದಿನವರು ನಕ್ಕಾಗ ನಗುವುದನ್ನು, ಅವರು ಬರೆದಾಗ ಪೆನ್ಸಿಲು ಆಡಿಸುವುದನ್ನು ಅವಳು ಕಲಿತಿದ್ದಳು. ಒಂದು ದಿನ ಮೇಡಂ ಏನೋ ಕೇಳಿದರು, ಅವಳು ಎದ್ದು ನಿಂತು ಹೌದು ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕೇಳಿದ್ದು ಏನೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. "ಕಿವಿ ಮನೇಲಿಟ್ಟು ಬಂದಿದೀಯಾ?" ಎಂದದ್ದು ಮಾತ್ರ, ಹತ್ತಿರ ಬಂದು ಹೇಳಿದ್ದರಿಂದ, ಸ್ಪಷ್ಟವಾಗಿ ಕೇಳಿಸಿತ್ತು. ಈಗ ಕೊನೆಯ ಸಾಲು. ಮೀಟರಿನ ಮುಳ್ಳನ್ನು ನೋಡಲು ಹೆದರಿಕೆಯಾಗಿ ಮೊದಲು ಕಣ್ಣು ಮುಚ್ಚಿಕೊಂಡಳು. ಎಪ್ಪತ್ತಮೂರು. ಅವಳು ಆ ಚೀಟಿಯನ್ನು ಅಂಟಿಸಿ, ಅಂಟಿಸಿದ್ದು ಸಾಲದೆಂಬಂತೆ ಅಂಗೈಯಿಂದ ತಟ್ಟಿ ತಟ್ಟಿ ಒತ್ತಿದಳು.

ಆಗಲೇ ಹಿಂದಿನ ಬಾಗಿಲಿನಿಂದ ಮೇಸ್ತ್ರಿ ಒಳಗೆ ಬಂದದ್ದು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಕೆಲಸದ ಬಟ್ಟೆಯಲ್ಲದ ಬಟ್ಟೆಯಲ್ಲಿ ಅವರನ್ನು ನೋಡಿ ಅವಳಿಗೆ ಗುರುತೇ ಹತ್ತಲಿಲ್ಲ. ಅವಳ ಕಡೆ ಕೈ ಮುಗಿದು, ಮ್ಯಾನೇಜರಿಗೆ, "ಸಾಮಾನಿನ ಚೀಲ ಮೇಲಿನ ಕೋಣೇಲಿ ಉಳ್ಕೊಂಡಿದೆ ಸಾರ್, ತಗೊಂಡು ಹೋಗ್ತೀನಿ" ಎಂದರು. "ಹತ್ತು ನಿಮಿಷ ಕೂತಿರಿ, ಇದು ಮುಗೀಲಿ, ಬೀಗ ತೆಗೀತೀನಿ" ಎಂದರು ಮ್ಯಾನೇಜರು. ಮೇಸ್ತ್ರಿ ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ, ಯಾರದೋ ಮನೆಗೆ ಬಂದವರಂತೆ ಅಂಚಿನಲ್ಲಿ ಕೂತರು. ಅಣ್ಣ ನೋಡಿ ಮುಖ ತಿರುಗಿಸಿದ. ಅವಳಿಗೆ ಅಲ್ಲೇ ಹೋಗಿ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಕೂತು ಏನು ಹೇಳುವುದು? ಮೇಸ್ತ್ರಿ, ಎಲ್ಲ ಕಡೆ ಎಪ್ಪತ್ತಮೂರು ಬಂತು? ನಾಚಿಕೆಗೆಟ್ಟ ನಾಲಿಗೆಯ ತುದಿಯಲ್ಲಿ ಅದೇ ಇತ್ತು. ಈ ಸುದ್ದಿ ಕೇಳಿದರೆ ಇಡೀ ಊರಿನಲ್ಲಿ ನಿಜವಾಗಿ ಖುಷಿಪಡುವ ಮನುಷ್ಯ ಅವರೊಬ್ಬರೇ.

"ಸದ್ದು ಸಾಕು, ಮಾತು ಕೇಳಿಸು" ಎಂದ ಅಣ್ಣ. ಅವಳು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು, ಮಧ್ಯಾಹ್ನದ ಸಭೆಯ ನೋಟಿಸನ್ನು, ಪಕ್ಕದಲ್ಲಿ ಕೂತವರಿಗೆ ಓದಿ ಹೇಳುವಷ್ಟೇ ಮೆಲ್ಲಗೆ ಓದತೊಡಗಿದಳು. ಗುಮ್ಮಟ ಬಾಯಿ ಮುಚ್ಚಿಕೊಂಡಿತ್ತು. ಮಾತು ಮಾತಾಗಿಯೇ ಹೊರಟಿತು, ಒಂದರ ಕಾಲು ಒಂದು ತುಳಿಯದೆ. ಮ್ಯಾನೇಜರು ಮೊದಲು ಮುಂದಿನ ಸಾಲಿನಲ್ಲಿ ಕೂತರು, ಎದ್ದರು, ಎಂಟನೇ ಸಾಲಿನಲ್ಲಿ ಕೂತರು, ಅಲ್ಲಿಂದ ಹೆಚ್ಚುಕಡಿಮೆ ಓಡುತ್ತಲೇ ಹದಿನೈದನೆಯದಕ್ಕೆ. "ಇಲ್ಲೂ ಅಷ್ಟೇ!" ಎಂದು ಅಲ್ಲಿಂದ ಕೈ ಬೀಸಿದರು. "ಇಲ್ಲೂ ಅಷ್ಟೇ ಕಣ್ರೀ! ಕಿವಿ ಹತ್ರ ಬಂದು ಹೇಳ್ದಂಗಿದೆ!" ಐವತ್ತು ದಾಟಿದ ಆ ಗಂಭೀರ ಮನುಷ್ಯ ಕುರ್ಚಿಗಳ ನಡುವೆ ಆಟಕ್ಕೆ ಬಿಟ್ಟ ಮಕ್ಕಳಂತೆ ಸುತ್ತುತ್ತಿದ್ದರು. ಅಣ್ಣನೂ ಎದ್ದ. ಮಧ್ಯದಲ್ಲಿ ನಿಂತ, ಕತ್ತು ವಾಲಿಸಿದ, ಹಿಂದೆ ಹೋದ. ಅವನ ಮುಖದಲ್ಲಿ ಹುಬ್ಬು ಮೇಲೇರುವುದನ್ನು ಅವಳು ವೇದಿಕೆಯಿಂದ ನೋಡಿದಳು, ನೋಟಿಸಿನ ಸಾಲು ತಪ್ಪಿ ಒಂದನ್ನೇ ಎರಡು ಸಲ ಓದಿದಳು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಒಪ್ಪಿದೆ ಮಾರಾಯ್ತಿ, ಒಪ್ಪಿದೆ!" ಎಂದು ಅಣ್ಣ ಅಲ್ಲಿಂದಲೇ ಕೂಗಿದ. ಆಮೇಲೆ ಮ್ಯಾನೇಜರ ಹೆಗಲ ಮೇಲೆ ಕೈ ಹಾಕಿ, ಅವನ ಪಿಸುಮಾತೇ ಊರಿಗೆಲ್ಲ ಕೇಳಿಸುವಂಥದ್ದು, "ಹೇಳಿದ್ನಲ್ಲ ಸಾರ್, ಆ ಮುದುಕ ಉಲ್ಟಾ ಹಾಕಿ ಕೆಡಿಸಿದ್ದನ್ನೂ ಸರಿ ಮಾಡಿದ್ಲು ನೋಡಿ ನಮ್ಮ ಹುಡುಗಿ" ಎಂದ.

ಕೊನೆಯ ಸಾಲಿನಲ್ಲಿ ಮೇಸ್ತ್ರಿ ತಲೆ ತಗ್ಗಿಸಿದರು. ಇಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ, ನೆರೆತ ತಲೆ ಬಾಗಿದ್ದು ಕಂಡಿತು. "ಇನ್ನೊಂದೆರಡು ಮಾತಾಡಿ ಮೇಡಂ, ಏನಾದ್ರೂ ಸರಿ, ನಾನು ಆ ಮೂಲೆಗೆ ಹೋಗಿ ಕೇಳ್ತೀನಿ" ಎಂದು ಮ್ಯಾನೇಜರು ಮೂಲೆಯತ್ತ ಹೊರಟರು. ನೋಟಿಸು ಮುಗಿದಿತ್ತು. ಅವಳ ಕೈಯಲ್ಲಿ ಓದಲು ಇನ್ನೇನೂ ಇರಲಿಲ್ಲ. ಅವಳು ನೋಟಿಸನ್ನು ಮಡಚಿ, ಅದೇ ಮೆಲುದನಿಯಲ್ಲಿ, "ಕಂಬ ಉಲ್ಟಾ ಹಾಕಿ ಅಂತ ಮೇಸ್ತ್ರಿಗೆ ಹೇಳಿದ್ದು ನಾನು" ಎಂದಳು. ಮಾತು ಹೋಯಿತು. ಆರುನೂರು ಕುರ್ಚಿಗೂ ಹೋಯಿತು. "ಲ್ಯಾಪ್‌ಟಾಪಲ್ಲಿ ಗುರುತು ಹಾಕೋದು ಮರ್ತಿದ್ದೂ ನಾನೇ. ಅವರು ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ರು. ಅಣ್ಣ ಬೈಯುವಾಗ ನನಗೆ ಗೊತ್ತಿತ್ತು. ಸುಮ್ನಿದ್ದೆ." ಅಣ್ಣ ಬೆಂಕಿ ತಾಕಿದವನಂತೆ ತಿರುಗಿದ. "ಪುಟ್ಟಿ! ಮೈಕ್ ಆನ್ ಇದೆ!" "ಗೊತ್ತು ಅಣ್ಣ" ಎಂದಳು, ಅದೂ ಮೈಕಿನಲ್ಲೇ. ಮೂಲೆಯಿಂದ ಮ್ಯಾನೇಜರು, ಏನು ಕೇಳಿಸಿತು ಎನ್ನುವುದು ತಲೆಗೆ ಇಳಿಯುವ ಮೊದಲೇ, "ಇಲ್ಲೂ ಸ್ಪಷ್ಟವಾಗಿದೆ ಮೇಡಂ!" ಎಂದು ಕೂಗಿಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಂಡರು. ಅಂಥ ಹೊತ್ತಿನಲ್ಲೂ ಅವಳ ತಲೆಯ ಯಾವುದೋ ಮೂಲೆ 'ಉಲ್ಟಾ'ದ ಒತ್ತಕ್ಷರ ಎಷ್ಟು ಚೊಕ್ಕವಾಗಿ ಕೇಳಿಸಿತು ಎಂದು ಹಿಗ್ಗುತ್ತಿತ್ತು. ಆ ಹಿಗ್ಗನ್ನು ಕಂಡು ಅವಳಿಗೆ ತನ್ನ ಮೇಲೆ ಸಿಟ್ಟೂ ಬಂತು.

ಮೇಸ್ತ್ರಿ ಎದ್ದು ನಿಂತಿದ್ದರು. ಮೆಲ್ಲಗೆ ಏನೋ ಹೇಳಿದರು. ಅವರ ಮುಂದೆ ಮೈಕಿರಲಿಲ್ಲ. ಮಾತು ಗುಮ್ಮಟಕ್ಕೆ ಹೋಗಿ ಗೊಂದಲವಾಗಿ, ಗುಂಯ್ ಎನ್ನುವುದಷ್ಟೇ ವೇದಿಕೆಗೆ ಬಂತು. "ಏನಂದ್ರಿ ಮೇಸ್ತ್ರಿ?" ಎಂದಳು. ಅವರು ಮತ್ತೆ ಹೇಳಿದರು, ಮತ್ತೆ ಗುಂಯ್. ಅವಳು ವೇದಿಕೆ ಇಳಿದು ನಡುವಿನ ದಾರಿಯಲ್ಲಿ ನಡೆದಳು. ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು, ಎಪ್ಪತ್ತಮೂರು. ಅಣ್ಣ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಬೈಯುತ್ತಾರೆ, ಬೈಯಲಿ, ಎಷ್ಟು ಬೈದರೂ ಅಳಬಾರದು ಎಂದುಕೊಂಡು ಅವರ ಮುಂದೆ ಹೋಗಿ ನಿಂತಳು.

"ಇನ್ನೊಂದ್ಸಲ ಹೇಳಿ ಅಂದೆ" ಎಂದರು ಮೇಸ್ತ್ರಿ.

"ಯಾಕೆ, ಇಲ್ಲಿ ಕೇಳಿಸ್ಲಿಲ್ವಾ?" ಅವಳು ಕಂಬಗಳತ್ತ ತಿರುಗಿ ನೋಡಿದಳು.

"ಕೇಳಿಸ್ತು. ಚೆನ್ನಾಗೇ ಕೇಳಿಸ್ತು. ಆದ್ರೂ ಇನ್ನೊಂದ್ಸಲ ಹೇಳಿ ಅಮ್ಮ."

ಹೇಳಿದಳು. ಅವರು ಅವಳ ತುಟಿಗಳನ್ನೇ ನೋಡುತ್ತ ನಿಂತಿದ್ದರು.

"ನಾನು ಏಣಿ ಮೇಲಿದ್ದೆ. ನೀವು ಕೆಳಗೆ, ಕಿಟಕಿ ಪಕ್ಕ."

"ಹೌದು."

"ತಿರುಗಿಸಿ ಹಾಕ್ಬಿಡಿ, ಬುಡ ಮೇಲಕ್ಕೆ ಬರ್ಲಿ ಅಂದ್ರಿ. ಅಷ್ಟರಲ್ಲಿ ಫೋನ್ ಬಂತು. ಕಾಲುಚೀಲದ ವಿಷಯ."

"ಹೌದು ಮೇಸ್ತ್ರಿ. ಎಲ್ಲ ಹೌದು."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕೂತರು. ಮುಖದಲ್ಲಿ ಅವಳು ಕಾದಿದ್ದ ಸಿಟ್ಟಿನ ಸುಳಿವೂ ಇರಲಿಲ್ಲ. ಕಣ್ಣು ಹೊಳೆಯುತ್ತಿದ್ದವು, ಉಸಿರು ಬಿರುಸಾಗಿತ್ತು. "ಹಾಗಾದ್ರೆ ಅದು ನಡೆದಿದ್ದೇ" ಎಂದರು. "ನಡೆದಿದ್ದೇ ಅದು! ನಾನು ಎಲ್ಲ ನಾನೇ ಕಟ್ಕೊಂಡಿದ್ದು ಅಂದ್ಕೊಂಡಿದ್ನಲ್ಲಮ್ಮ. ಯಜಮಾನ್ರು ಬೈದಾಗ ನಿಮ್ಮ ಮುಖ ನೋಡ್ದೆ. ನೀವು ಹೇಳಿದ್ದು ನಿಜವಾಗಿದ್ರೆ ಬಾಯಿ ಬಿಡ್ತಿದ್ರಿ, ನೀವು ಸುಮ್ನಿರೋ ಪೈಕಿ ಅಲ್ಲ. ಸುಮ್ನಿದ್ರಿ. ಅಲ್ಲಿಗೆ ನನ್ನ ತಲೇನೇ ಕೆಟ್ಟಿದೆ ಅಂತಾಯ್ತು. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು, ಇಲ್ಲದ್ದನ್ನ ಇದೆ ಅನ್ನೋದು, ಕೊನೆಗೆ ನನ್ನೇ ಯಾರು ನೀನು ಅಂತ ಕೇಳೋರು." ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು, ದುಂಡನೆಯ ಅಕ್ಷರದಲ್ಲಿ ಮನೆಯ ವಿಳಾಸ, ಒಂದು ಫೋನ್ ನಂಬರು. "ಮಗಳು ಇಟ್ಟಿದ್ದು. ಹೊರಗೆ ಹೊರಟ್ರೆ ಇದಿರ್ಬೇಕು. ಒಲೆ ಹಚ್ಚೋಕೆ ಬಿಡಲ್ಲ, ಏಣಿ ಮುಟ್ಟೋಕೆ ಬಿಡಲ್ಲ. ನಾನೇ ಹೇಳಿದ್ದು ಅವಳಿಗೆ, ಹೀಗ್ಹೀಗಾಯ್ತು ಕಣೇ, ಹೇಳದೆ ಇದ್ದಿದ್ದು ನನಗೆ ಕೇಳಿಸ್ತು ಅಂತ. ನಾಳಿದ್ದು ದೊಡ್ಡ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾಳಂತೆ."

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ವಾರವಿಡೀ ತಾನು ತಿರಸ್ಕಾರ, ಕರುಣೆ, ಬೆದರಿಕೆ ಎಂದು ಏನೇನೋ ಹೆಸರಿಟ್ಟು ತನ್ನ ಸುತ್ತಲೇ ಸುತ್ತಿಕೊಂಡಿದ್ದಳು. ಆ ಮನುಷ್ಯ ಆ ನೋಟದಲ್ಲಿ ಅವಳನ್ನು ಒಂದು ಮಾತು ಕೇಳಿದ್ದರು, ಹೇಳಿದ್ದು ಹೌದಾ ಅಂತ, ಅಷ್ಟೇ. ತನ್ನ ನೆನಪಿಗಿಂತ ಅವಳ ಮೇಲೆ ಹೆಚ್ಚು ನಂಬಿಕೆ ಇಟ್ಟಿದ್ದರು. "ಮೇಸ್ತ್ರಿ, ನಾನು..." ಎಂದಳು. ಅವರು ಅವಳ ಮಾತಿಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ಫೋನು ತೆಗೆದು, ಚೀಟಿ ನೋಡದೆ, ಹತ್ತೂ ಅಂಕಿಗಳನ್ನು ಜೋರಾಗಿ ಹೇಳಿಕೊಳ್ಳುತ್ತ ಒಂದೊಂದಾಗಿ ಒತ್ತಿದರು. ಒತ್ತಿ, ನೋಡಿದ್ರಾ ಎಂಬಂತೆ ಅವಳತ್ತ ತಿರುಗಿ ನಕ್ಕರು. ಆಮೇಲೆ ಫೋನನ್ನು ಅವಳ ಕೈಗೆ ತುರುಕಿದರು.

"ನನಗೆ ಹೇಳಿದ್ದು ಸಾಕು. ಅವಳಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಅವಳು ಫೋನನ್ನು ಕಿವಿಗಿಟ್ಟುಕೊಂಡಳು. ಎರಡು ಸಲ ರಿಂಗಾಯಿತು. ಆ ಕಡೆಯಿಂದ ಒಂದು ಹೆಣ್ಣುದನಿ, ಗಾಬರಿಯನ್ನು ಮುಚ್ಚಿಟ್ಟುಕೊಂಡು, ಮಗುವಿನ ಹತ್ತಿರ ಮಾತಾಡುವ ಹಾಗೆ ನಿಧಾನವಾಗಿ ಕೇಳಿತು:

"ಏನಪ್ಪಾ, ದಾರಿ ಮರ್ತುಹೋಯ್ತಾ? ಅಲ್ಲೇ ನಿಂತಿರು, ಎಲ್ಲಿಗೂ ಹೋಗ್ಬೇಡ. ನಾನು ಬರ್ತೀನಿ."